ಆ ನಡಾವಳಿ ಪುಸ್ತಕಗಳನ್ನು ಗುಜರಿಗೆ ಕೊಡಬೇಡಿ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ, ಮತ್ತು ಊರೂರಿನ ಮಹಿಳಾ ಸಮಾಜ, ಮಹಿಳಾ ಮಂಡಲಗಳ ಅಧ್ಯಕ್ಷರು, ಕಾರ್ಯದರ್ಶಿಗಳಿಗೆ

ಮಾನ್ಯರೇ, ಅಕ್ಕಂದಿರೇ,

ನಮಸ್ಕಾರ.

ಹೋದ ಮಳೆಗಾಲ ಶುರುವಾಗುವ ಮೊದಲು ನಾನು ನಮ್ಮೂರಿನ ಗುಜರಿ ಅಂಗಡಿಗೆ ಹೋಗಿದ್ದೆ. ಮನೆಯಲ್ಲಿ ಹಳೇ ಪೇಪರು ಜಾಸ್ತಿಯಾಗಿತ್ತು. ಅಂಗಡಿಯ ತಕ್ಕಡಿ ಪಕ್ಕ ಒಂದು ಕಟ್ಟು ಬಿದ್ದಿತ್ತು. ಉದ್ದನೆಯ ಪುಸ್ತಕಗಳು, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದವು. ಹಿಂದೆ ಅಂಗಡಿ ಲೆಕ್ಕ ಬರೆಯುತ್ತಿದ್ದರಲ್ಲ, ಆ ತರಹದ್ದು. ಸುಮ್ನೆ ಮೇಲಿನದನ್ನು ತೆರೆದು ನೋಡಿದೆ. ನೀಲಿ ಮಸಿಯ ಅಕ್ಷರ. ‘ಳ’ದ ಬಾಲವನ್ನು ಕೆಳಗಿನ ಸಾಲಿನ ತನಕ ಎಳೆದಿದ್ದರು. ಆ ಬಾಲ ನನಗೆ ಚೆನ್ನಾಗಿ ಗೊತ್ತು. ಸಣ್ಣವಳಿದ್ದಾಗ ನನ್ನ ಪುಸ್ತಕಗಳ ಮೇಲೆ ಹೆಸರು ಬರೆದುಕೊಡುತ್ತಿದ್ದದ್ದು ಅದೇ ಕೈ. ನನ್ನ ದೊಡ್ಡಮ್ಮನ ಕೈ.

ದೊಡ್ಡಮ್ಮ ನಮ್ಮೂರಿನ ಮಹಿಳಾ ಸಮಾಜಕ್ಕೆ ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದರು. ಅದು ಸಮಾಜದ ನಡಾವಳಿ ಪುಸ್ತಕ, ಎಂದರೆ ಸಭೆಯಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಪುಸ್ತಕ. ಕಟ್ಟಡ ರಿಪೇರಿ ಮಾಡುವಾಗ ಬೀರು ಖಾಲಿ ಮಾಡಿದ್ದಾರೆ. ಒಳಗಿದ್ದದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಕಳಿಸಿದ್ದಾರೆ. ಒಟ್ಟು ಹನ್ನೊಂದು ಪುಸ್ತಕ ಇತ್ತಂತೆ. ನನಗೆ ಸಿಕ್ಕಿದ್ದು ಎರಡು. ಉಳಿದವು ಹಿಂದಿನ ವಾರವೇ ಲಾರಿ ಹತ್ತಿದ್ದವು. ಅಂಗಡಿಯವರು ಒಳ್ಳೆಯವರು, ದುಡ್ಡು ತೆಗೆದುಕೊಳ್ಳಲಿಲ್ಲ. “ಇದರಲ್ಲೇನಿದೆ ಟೀಚರೇ, ಬರೀ ಸಹಿ” ಎಂದರು.

ನಾನು ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಆ ಬೀರು ಖಾಲಿ ಮಾಡಿದವರಿಗೆ ಅದರ ಬೆಲೆ ಗೊತ್ತಿರಲಿಲ್ಲ. ನನಗೂ ಅಷ್ಟಾಗಿ ಗೊತ್ತಿರಲಿಲ್ಲ. ಎರಡು ಪುಸ್ತಕವನ್ನೂ ಮನೆಗೆ ತಂದು, ಗೆದ್ದಲು ಕೊಡವಿ, ನೆರಳಿನಲ್ಲಿ ಹರಡಿ, ಒಂದೊಂದೇ ಹಾಳೆ ಓದುತ್ತಾ ಹೋದ ಮೇಲೆ ಗೊತ್ತಾಯಿತು.

ಮೊದಲ ಸಭೆ ನಡೆದದ್ದು 1954ರ ಆಗಸ್ಟಿನಲ್ಲಿ. ಹಾಜರಿದ್ದವರು ಹದಿನೇಳು ಜನ. ಅವರ ಪಟ್ಟಿ ಹೀಗಿದೆ: ಪೋಸ್ಟ್ ಮಾಸ್ಟರರ ಮನೆಯವರು, ಡಾಕ್ಟರರ ಮನೆಯವರು, ಹೆಡ್ ಮಾಸ್ಟರರ ತಾಯಿ, ಜವಳಿ ಅಂಗಡಿಯವರ ಸೊಸೆ. ಹದಿನೇಳರಲ್ಲಿ ಸ್ವಂತ ಹೆಸರು ಇರುವುದು ಮೂವರದು. ಅದರಲ್ಲಿ ದೊಡ್ಡಮ್ಮನದೊಂದು, ಬರೆಯುವವಳು ಅವಳೇ ಆದ್ದರಿಂದ. ನಾಲ್ಕು ಹೆಬ್ಬೆಟ್ಟು. ಎರಡನೇ ವರ್ಷದ ಮಧ್ಯಕ್ಕೆ ಬಂದರೆ ‘ಮನೆಯವರು’ ಕಡಿಮೆಯಾಗುತ್ತಾ ಬರುತ್ತಾರೆ. ಹೆಸರು ಬರತೊಡಗುತ್ತದೆ. ಹೆಡ್ ಮಾಸ್ಟರರ ತಾಯಿ ಮೊದಲ ಸಲ ಸಹಿ ಹಾಕಿದ ಪುಟ ನನ್ನ ಕಣ್ಣಮುಂದೆಯೇ ಇದೆ. ಅಕ್ಷರಗಳು ಗೆರೆಯ ಮೇಲೆ ನಿಂತಿಲ್ಲ, ಮೆಟ್ಟಿಲು ಇಳಿದ ಹಾಗೆ ಇಳಿದಿವೆ. ಕೊನೆಯ ಅಕ್ಷರದ ಹತ್ತಿರ ಮಸಿ ದೊಡ್ಡದಾಗಿ ಹರಡಿದೆ. ಪೆನ್ನು ಅಲ್ಲೇ ಒತ್ತಿ ನಿಂತಿರಬೇಕು. ಅದರ ಪಕ್ಕದಲ್ಲಿ ದೊಡ್ಡಮ್ಮ ಸಣ್ಣದಾಗಿ ತಾರೀಕು ಬರೆದಿದ್ದಾಳೆ. ಬೇರೆ ಯಾರ ಸಹಿಯ ಪಕ್ಕದಲ್ಲೂ ತಾರೀಕಿಲ್ಲ.

ಇನ್ನೊಂದು ಪುಟ 1957ರ ಫೆಬ್ರವರಿಯದು. ಆಗ ಚುನಾವಣೆ ಬಂದಿತ್ತು. ಆ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು. ಚೀಟಿ ತೆಗೆದುಕೊಂಡು ಒಳಗೆ ಹೋಗಿ, ನಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಸಮಾಜದ ಹೆಂಗಸರು ಇದನ್ನು ಅಭ್ಯಾಸ ಮಾಡಿದ್ದಾರೆ! ನಡಾವಳಿಯಲ್ಲಿ ಹೀಗಿದೆ: “ಬಿಸ್ಕತ್ತಿನ ಡಬ್ಬಿ ನಾಲ್ಕು ತರಿಸಿ, ಹೂವು, ಕೊಡ, ಕೊಡೆ, ಹಣತೆ ಚಿತ್ರ ಅಂಟಿಸಿ, ಪರದೆಯ ಹಿಂದೆ ಇಟ್ಟು, ಒಬ್ಬೊಬ್ಬರಾಗಿ ಚೀಟಿ ಹಾಕಿ ಬರತಕ್ಕದ್ದು. ಹಾಕಿದ್ದು ಯಾವುದಕ್ಕೆ ಎಂದು ಯಾರೂ ಕೇಳಕೂಡದು, ಹೇಳಕೂಡದು.” ಕೆಳಗೆ ಖರ್ಚು. ಗೋಂದು ಒಂದಾಣೆ. ಡಬ್ಬಿ ಧರ್ಮಕ್ಕೆ ಸಿಕ್ಕಿತು.

ಕೇಳಕೂಡದು, ಹೇಳಕೂಡದು. ಗಂಡನಿಗೂ ಹೇಳಕೂಡದು ಎಂದೇ ಅರ್ಥ ಅಲ್ವಾ? ಆ ಸಾಲನ್ನು ಓದಿ ನಾನು ತುಂಬಾ ಹೊತ್ತು ಸುಮ್ಮನೆ ಕುಳಿತೆ.

ಹತ್ತಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರುವುದು, ಹಾಡುವುದು, ಹೊಲಿಗೆ ಕಲಿಯುವುದು, ಪುಸ್ತಕದಲ್ಲಿ ಬರೆದಿಡುವುದು, ಹಾಗೇ ಮಾತಾಡುತ್ತಾ ಮತದ ತನಕ ಹೋಗುವುದು. ಈ ಹಾದಿ ನಮ್ಮೂರಲ್ಲಿ ಹುಟ್ಟಿದ್ದಲ್ಲ. ಇದರ ಹಿಂದೆ ಒಬ್ಬ ಹೆಂಗಸು ಇದ್ದಾರೆ. ಮಂಗಳೂರಿನಲ್ಲಿ ಇದ್ದುಹೋದವರು. ಅವರ ಬದುಕನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು.

ಅವರ ಹೆಸರು ಮಾರ್ಗರೆಟ್ ಕಸಿನ್ಸ್. ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಬಾಯ್ಲ್ ಎಂಬ ಸಣ್ಣ ಊರಿನಲ್ಲಿ. ಡಬ್ಲಿನ್ನಿನಲ್ಲಿ ಸಂಗೀತ ಓದಿ ಪದವಿ ಪಡೆದರು. 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಮದುವೆಯಾದರು. 1908ರಲ್ಲಿ ಗೆಳತಿ ಹನ್ನಾ ಶೀಹಿ ಸ್ಕೆಫಿಂಗ್ಟನ್ ಮತ್ತಿತರರ ಜತೆ ಸೇರಿ ಐರಿಶ್ ಹೆಂಗಸರ ಮತದ ಹಕ್ಕಿಗಾಗಿ ಒಂದು ಸಂಘ ಕಟ್ಟಿದರು. 1910ರಲ್ಲಿ ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಕಡೆ ಮೆರವಣಿಗೆ ಹೋಗಿ, ಹಾಲೋವೇ ಜೈಲಿನಲ್ಲಿ ಒಂದು ತಿಂಗಳು ಕಳೆದರು. 1913ರಲ್ಲಿ ಬ್ರಿಟಿಷ್ ಆಡಳಿತದ ಕಚೇರಿಯಿದ್ದ ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು ಮತ್ತೆ ಜೈಲಿಗೆ ಹೋದರು. ಟಲ್ಲಮೋರ್ ಎಂಬಲ್ಲಿ. ನಮ್ಮನ್ನು ಕಳ್ಳರ ಹಾಗೆ ನೋಡಬೇಡಿ, ರಾಜಕೀಯ ಕೈದಿಗಳೆಂದು ಒಪ್ಪಿಕೊಳ್ಳಿ ಎಂದು ಅಲ್ಲಿ ಊಟ ಬಿಟ್ಟು ಕುಳಿತರು.

ಎರಡು ವರ್ಷ ಕಳೆದು 1915ರಲ್ಲಿ ಗಂಡಹೆಂಡತಿ ಮದ್ರಾಸಿಗೆ ಬಂದರು. ಇಬ್ಬರೂ ಥಿಯಾಸಾಫಿಯಲ್ಲಿ, ಎಂದರೆ ಎಲ್ಲ ಧರ್ಮಗಳ ಒಳಗಿನ ಸತ್ಯ ಒಂದೇ ಎನ್ನುವ ಪಂಥದಲ್ಲಿ, ನಂಬಿಕೆ ಇದ್ದವರು. ಮರುವರ್ಷ ಜೇಮ್ಸ್ ಅವರಿಗೆ ಮದನಪಲ್ಲಿಯ ಕಾಲೇಜಿನಲ್ಲಿ ಕೆಲಸ. ಮದನಪಲ್ಲಿ ನಮ್ಮ ಕೋಲಾರದ ಗಡಿಯಿಂದ ಬಹಳ ದೂರವೇನಿಲ್ಲ. ಕಿಟಕಿ ಒಡೆದು ಜೈಲು ಕಂಡು ಬಂದ ಹೆಂಗಸು ಆ ಸಣ್ಣ ಊರಿನಲ್ಲಿ ಏನು ಮಾಡಿದರು? ಭಾಷಣಕ್ಕೆ ನಿಲ್ಲಲಿಲ್ಲ. ಅಲ್ಲಿನ ಹೆಂಗಸರನ್ನು ವಾರಕ್ಕೊಮ್ಮೆ ಒಂದು ಕಡೆ ಸೇರಿಸಿದರು. ಆ ಕೂಟದ ಹೆಸರು ಅಬಲಾ ಅಭಿವರ್ಧಿನಿ ಸಮಾಜ. ‘ಅಬಲಾ’ ಎಂಬ ಮಾತು ನನಗೆ ಈಗಲೂ ಇಷ್ಟವಾಗುವುದಿಲ್ಲ. ಆದರೆ ಆ ಕಾಲದಲ್ಲಿ ಮನೆಯ ಗಂಡಸರು ಹೆಂಗಸರನ್ನು ಹೊಸ್ತಿಲು ದಾಟಿಸಿ ಕಳಿಸಬೇಕಾದರೆ ಅಂಥ ಒಂದು ಹೆಸರು ಬೇಕಿತ್ತೋ ಏನೋ.

ಆ ಸಣ್ಣ ಕೂಟದಿಂದಲೇ ದೊಡ್ಡ ಯೋಚನೆ ಹುಟ್ಟಿತು. ಊರೂರಲ್ಲಿ ಇಂಥ ಸಮಾಜಗಳಾಗಿ, ಅವೆಲ್ಲ ಒಂದಕ್ಕೊಂದು ಸೇರಿಕೊಂಡರೆ ಹೇಗೆ? 1917ರ ಮೇ ತಿಂಗಳಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಶುರುವಾಯಿತು. ಆನಿ ಬೆಸೆಂಟ್ ಅಧ್ಯಕ್ಷೆ. ಡೊರೊಥಿ ಜಿನರಾಜದಾಸ ಮತ್ತು ಮಾರ್ಗರೆಟ್ ಅದರ ಕೈಕಾಲು. ‘ಸ್ತ್ರೀಧರ್ಮ’ ಎಂಬ ಪತ್ರಿಕೆಯೂ ಬಂತು. ಶಾಖೆಗಳಲ್ಲಿ ಅಕ್ಷರ, ಹೊಲಿಗೆ, ಗಾಯಕ್ಕೆ ಪಟ್ಟಿ ಕಟ್ಟುವುದು, ಭಾಷಣ. ದೊಡ್ಡಮ್ಮನ ಪುಸ್ತಕ ತೆಗೆದರೆ ಅದೇ ಪಟ್ಟಿ ಮೂವತ್ತೇಳು ವರ್ಷದ ನಂತರ ಹಾಗೇ ಇದೆ.

ಈಗ ಹೇಳುವ ಘಟನೆಯನ್ನು ನಾನು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದೇ 1917ರಲ್ಲಿ ಬ್ರಿಟಿಷ್ ಸರಕಾರದಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಮಂತ್ರಿ ಮಾಂಟೆಗು ಇಲ್ಲಿನ ಜನರ ಅಹವಾಲು ಕೇಳಲು ಬರುವವರಿದ್ದರು. ಮಾರ್ಗರೆಟ್ ಒಂದು ಅರ್ಜಿ ಹಾಕಿದರು. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಮಾತಾಡಬೇಕು, ಭೇಟಿಗೆ ಸಮಯ ಕೊಡಿ ಎಂದು. ರಾಜಕೀಯ ವಿಷಯ ಇದ್ದರೆ ಮಾತ್ರ ಬನ್ನಿ ಎಂದು ಉತ್ತರ ಬಂತು. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಂಡು ಬಿಟ್ಟುಬಿಡುತ್ತಿದ್ದರು. ಇವರು ಅದೇ ಅರ್ಜಿಗೆ ಮತದ ಹಕ್ಕಿನ ಮಾತು ಸೇರಿಸಿ ಮತ್ತೆ ಕಳಿಸಿದರು. ಶಾಸನಸಭೆಗೆ ಜನರೇ ಪ್ರತಿನಿಧಿಗಳನ್ನು ಆರಿಸಬೇಕು ಎಂದು ದೇಶದ ಮುಂದಾಳುಗಳು ಕೇಳುತ್ತಿದ್ದಾರೆ, ಆ ‘ಜನ’ ಎಂಬ ಮಾತಿನೊಳಗೆ ಹೆಂಗಸರೂ ಇದ್ದಾರೆ ಎಂಬುದು ಅವರ ವಾದ. ಭೇಟಿ ಸಿಕ್ಕಿತು. ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಹೆಂಗಸರ ನಿಯೋಗ ಮಾಂಟೆಗು ಅವರ ಎದುರು ಕುಳಿತಿತು. ಹೆಣ್ಣು ಎಂಬ ಕಾರಣಕ್ಕೆ ಯಾರ ಮತವನ್ನೂ ತಪ್ಪಿಸಬಾರದು ಎಂದು ಕೇಳಿತು.

1919ರ ಫೆಬ್ರವರಿಯಲ್ಲಿ ಟಾಗೋರರು ಮದನಪಲ್ಲಿಗೆ ಬಂದಿದ್ದರು. ಅಲ್ಲಿನ ಕಾಲೇಜಿನಲ್ಲಿ ‘ಜನಗಣಮನ’ ಹಾಡಿದರು. ಅದರ ಸ್ವರ ಬರೆದಿಟ್ಟುಕೊಂಡವರು ಮಾರ್ಗರೆಟ್. ಮಹಿಳಾ ಸಮಾಜದ ಸಭೆ ಮುಗಿಯುವಾಗ ನಾವೆಲ್ಲ ಎದ್ದು ನಿಂತು ಹಾಡುತ್ತೇವಲ್ಲ, ಅದೇ ಹಾಡು. ಅದಾದ ಮೇಲೆ 1919–20ರಲ್ಲಿ ಅವರು ಮಂಗಳೂರಿಗೆ ಬಂದರು. ಇಲ್ಲಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆ ಅವರೇ. ನಾನು ಓದಿದ್ದೂ ಕಲಿಸಿದ್ದೂ ಇದೇ ಜಿಲ್ಲೆಯಲ್ಲಿ. ಈ ಒಂದು ಸಂಗತಿಯನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಐವತ್ತು ದಾಟಿದ ಮೇಲೆ ಓದಿ ತಿಳಿದುಕೊಂಡೆ.

ಮತದ ಹಕ್ಕು ಅಷ್ಟು ಸುಲಭವಾಗಿ ಸಿಗಲಿಲ್ಲ. ಮತದಾರರ ವಿಷಯ ನೋಡಲು ಬಂದ ಸೌತ್‌ಬರೋ ಸಮಿತಿ, ಇಲ್ಲಿನ ಸಮಾಜದ ಸ್ಥಿತಿಯಲ್ಲಿ ಹೆಂಗಸರಿಗೆ ಮತ ಕೊಡುವುದು ಆತುರವಾಗುತ್ತದೆ ಎಂದಿತು. ಸರೋಜಿನಿ ನಾಯ್ಡು, ಬೊಂಬಾಯಿಯ ಹೀರಾಬಾಯಿ ಟಾಟಾ, ಅವರ ಮಗಳು ಮಿಠಾನ್, ಮೂವರೂ 1919ರಲ್ಲಿ ಲಂಡನ್ನಿಗೆ ಹೋಗಿ ವಾದ ಮಾಡಿದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು, ಬೇಕಿದ್ದರೆ ಆಯಾ ಪ್ರಾಂತ್ಯದ ಶಾಸನಸಭೆಗಳೇ ಕೊಡಲಿ ಎಂದು ಕೈ ತೊಳೆದುಕೊಂಡಿತು. ಕೆಲಸ ಮತ್ತೆ ಊರಿನ ಸಮಾಜಗಳ ಹೆಗಲಿಗೆ ಬಂತು. ಸಭೆ ಸೇರಿಸು, ಗೊತ್ತುವಳಿ ಮಾಡು, ಸಹಿ ಹಾಕಿಸು, ಸರಕಾರಕ್ಕೆ ಕಳಿಸು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಒಪ್ಪಿತು. ನಮ್ಮ ದಕ್ಷಿಣ ಕನ್ನಡ ಆಗ ಇದ್ದದ್ದು ಆ ಪ್ರಾಂತ್ಯದಲ್ಲೇ. ಬೊಂಬಾಯಿಯೂ ಅದೇ ವರ್ಷ ಒಪ್ಪಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಮತ ಎಲ್ಲ ಹೆಂಗಸರ ಮತವಾಗಿರಲಿಲ್ಲ. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಆ ಕಾಲದಲ್ಲಿ ಹೆಂಗಸರ ಹೆಸರಲ್ಲಿ ಆಸ್ತಿ ಎಷ್ಟಿರುತ್ತಿತ್ತು? ಮಾರ್ಗರೆಟ್ ಕಟ್ಟಿದ ಸಂಘದಲ್ಲೂ ಓದಿದ, ಉಳ್ಳ ಮನೆಯ ಹೆಂಗಸರೇ ಜಾಸ್ತಿ. ದೊಡ್ಡಮ್ಮನ ಸಮಾಜದಲ್ಲೂ ಹಾಗೇ ಇತ್ತು. ಮೊದಲ ನಾಲ್ಕು ವರ್ಷದ ಹಾಜರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಲ್ಲ, ಮೀನು ಮಾರುವವರಿಲ್ಲ. 1958ರಲ್ಲಿ ಒಂದು ಸಾಲು ಬರುತ್ತದೆ: ಬೀಡಿ ಕಟ್ಟುವವರಿಗೆ ಹಗಲು ಬರಲಾಗುವುದಿಲ್ಲ, ಅಕ್ಷರ ತರಗತಿ ರಾತ್ರಿ ಇಡಬೇಕು ಎಂದು ಒಬ್ಬರು ಸೂಚಿಸಿದರು. ಮುಂದಿನ ಸಭೆಯಲ್ಲಿ ಅದಕ್ಕೆ ಎರಡು ಲಾಟೀನಿನ ಖರ್ಚು ಬರೆದಿದೆ. ಸೂಚಿಸಿದ್ದು ಯಾರೆಂದು ಮಾತ್ರ ಬರೆದಿಲ್ಲ. ಮುಂದಿನ ಪುಸ್ತಕ ಸಿಕ್ಕಿದ್ದರೆ ಬಹುಶಃ ಗೊತ್ತಾಗುತ್ತಿತ್ತು. ಅದು ಲಾರಿಯಲ್ಲಿ ಹೋಯಿತು.

ಮತ ಹಾಕುವ ಹಕ್ಕು ಬಂದ ಮೇಲೂ ಶಾಸನಸಭೆಗೆ ನಿಲ್ಲುವ ಹಕ್ಕು ಇರಲಿಲ್ಲ. ಅದು ಸಿಕ್ಕಿದ್ದು 1926ರಲ್ಲಿ. ಆಗ ಮಾರ್ಗರೆಟ್ ಹುಡುಕಿದ್ದು ನಮ್ಮ ಜಿಲ್ಲೆಯ ಹುಡುಗಿಯನ್ನೇ. ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ದೊಡ್ಡ ಹುದ್ದೆಯಲ್ಲಿದ್ದರು, ತಾಯಿ ಗಿರಿಜಾಬಾಯಿ. ಕಮಲಾದೇವಿ ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿ ಪೂರ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿಗೂ ಮಗಳಿಗೂ ಪಾಲಿಲ್ಲ, ಅಂದಿನ ಕಾನೂನು ಅದು. ಬಾಲ್ಯದಲ್ಲಿ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆಮೇಲೂ ಓದು ಬಿಡಲಿಲ್ಲ. ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಅದಕ್ಕೆ ಜನ ಎಷ್ಟು ಆಡಿಕೊಂಡಿರಬೇಕು, ನೀವೇ ಊಹಿಸಿ.

23 ವರ್ಷದ ಆ ಹುಡುಗಿಯನ್ನು ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಲ್ಲಿಸಲು ಹಟ ಹಿಡಿದವರು ಮಾರ್ಗರೆಟ್. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸೋತದ್ದು ತೀರಾ ಸಣ್ಣ ಅಂತರದಲ್ಲಿ. ಈ ದೇಶದಲ್ಲಿ ಶಾಸನಸಭೆಗೆ ನಿಂತ ಮೊದಲ ಹೆಂಗಸರ ಸಾಲಿನಲ್ಲಿ ಅವರ ಹೆಸರಿದೆ. ಆ ಚುನಾವಣೆಯಲ್ಲಿ ಅವರಿಗೆ ಮತ ಹಾಕಿದ ಹೆಂಗಸರು ಯಾರು? ಯಾವ ಮನೆಯಿಂದ ಬಂದರು, ನಡೆದು ಬಂದರೋ ಜಟಕಾದಲ್ಲೋ? ಅವರನ್ನು ಹೊರಡಿಸಿದ ಸಮಾಜ ಯಾವುದು? ಅದನ್ನು ತಿಳಿಯಬೇಕಾದರೆ ಆ ಕಾಲದ ನಡಾವಳಿ ಪುಸ್ತಕಗಳೇ ಬೇಕು. ಯಾರದಾದರೂ ಅಟ್ಟದಲ್ಲಿ ಒಂದಾದರೂ ಉಳಿದಿರಬಹುದು ಎಂದು ನಾನು ಇನ್ನೂ ಆಸೆ ಇಟ್ಟುಕೊಂಡಿದ್ದೇನೆ.

ಮರುವರ್ಷ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ ನಡೆಯಿತು. ಅದರ ಹಿಂದೆಯೂ ಮಾರ್ಗರೆಟ್ ಇದ್ದರು. ಅದನ್ನು ಅವರು ಸೇರಿಸಿದ ರೀತಿ ನನಗೆ ಬಹಳ ಹಿಡಿಸುತ್ತದೆ. ಮೊದಲು ಬೇರೆಬೇರೆ ಊರುಗಳಲ್ಲಿ ಸಣ್ಣ ಸಭೆಗಳು. ಹೆಣ್ಣುಮಕ್ಕಳ ಓದು ಹೇಗಿರಬೇಕು ಎಂದು ಅಲ್ಲಿನವರೇ ಮಾತಾಡಿ, ಬರೆದು, ತಮ್ಮವರನ್ನು ಪುಣೆಗೆ ಕಳಿಸುವುದು. ಹೆಂಗಸರ ಮಾತು ಸಣ್ಣ ಸಭೆಯಿಂದ ಪುಣೆಯ ದೊಡ್ಡ ಸಭೆಗೆ ಹೋಯಿತು, ಮೇಲಿಂದ ಕೆಳಗೆ ಬರಲಿಲ್ಲ.

1932ರಲ್ಲಿ ಸರಕಾರದ ತುರ್ತು ಕಾನೂನುಗಳ ವಿರುದ್ಧ ಭಾಷಣ ಮಾಡಿದ್ದಕ್ಕೆ ಅವರನ್ನು ಒಂದು ವರ್ಷ ವೆಲ್ಲೂರಿನ ಜೈಲಿಗೆ ಹಾಕಿದರು. ಮೂರು ದೇಶದಲ್ಲಿ ಜೈಲು ಕಂಡಂತಾಯಿತು. ಆದರೆ ಅವರು ಮಾಡಿದ್ದರಲ್ಲಿ ಅತಿ ಕಷ್ಟದ ಕೆಲಸ ಬೇರೆಯೇ ಎಂದು ನನಗನಿಸುತ್ತದೆ. ಇಲ್ಲಿನ ಹೆಂಗಸರು ಮುಂದೆ ಬರುತ್ತಿದ್ದ ಹಾಗೆ ತಾನು ಹಿಂದೆ ಸರಿಯಬೇಕು ಎಂದು ಅವರಿಗೆ ಅರ್ಥವಾಯಿತು. ಹಾಗೆ ಬರೆದುಕೊಂಡೂ ಇದ್ದಾರೆ. ಹೋರಾಟದಲ್ಲಿ ಇರಬೇಕೆಂಬ ಆಸೆ ಇದ್ದರೂ, ತನ್ನ ಅಗತ್ಯ ಈಗ ಇಲ್ಲ, ಅದು ಬೇಡವೂ ಆಗಿದೆ ಎನಿಸಿತು ಎಂದು. ಒಂದು ಸಮಾಜ ಕಟ್ಟಿ, ಅದರ ಕುರ್ಚಿ ಬಿಟ್ಟುಕೊಡುವುದು ಎಷ್ಟು ಕಷ್ಟ ಎಂದು ನಮ್ಮ ಸಮಾಜಗಳ ಅಕ್ಕಂದಿರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಕೊನೆಯ ವರ್ಷಗಳನ್ನು ಪಾರ್ಶ್ವವಾಯು ಹೊಡೆದು ಹಾಸಿಗೆಯಲ್ಲೇ ಕಳೆದರು. 1954ರ ಮಾರ್ಚಿನಲ್ಲಿ ತೀರಿಕೊಂಡರು. ಐದು ತಿಂಗಳ ನಂತರ ನಮ್ಮೂರಿನಲ್ಲಿ ದೊಡ್ಡಮ್ಮ ಹೊಸ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದಳು. ಅವಳಿಗೆ ಮಾರ್ಗರೆಟ್ ಕಸಿನ್ಸ್ ಎಂಬ ಹೆಸರು ಗೊತ್ತಿತ್ತು ಎಂದು ನನಗನಿಸುವುದಿಲ್ಲ.

ನಿರ್ದೇಶಕರೇ, ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆಯಿತು. ಎಲ್ಲ ಹೆಂಗಸರಿಗೂ ಮತ ಇತ್ತು, ಆಸ್ತಿ ಕೇಳಲಿಲ್ಲ, ಓದು ಕೇಳಲಿಲ್ಲ. ಆದರೂ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಕಾರಣ, ಪಟ್ಟಿ ಬರೆಯಲು ಬಂದವರಿಗೆ ಅವರು ಸ್ವಂತ ಹೆಸರು ಹೇಳಿರಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ಹೆಸರುಗಳನ್ನು ಒಪ್ಪಲಿಲ್ಲ. ಅವರಲ್ಲಿ ಬಹುತೇಕರು ಉತ್ತರದ ರಾಜ್ಯಗಳವರು. ಆದರೆ ದೊಡ್ಡಮ್ಮನ ಪುಸ್ತಕದ ಮೊದಲ ಪುಟ ನೋಡಿದರೆ ನಮ್ಮಲ್ಲೂ ಸ್ಥಿತಿ ಬಹಳ ಬೇರೆ ಇರಲಿಲ್ಲ ಎನಿಸುತ್ತದೆ. ಹದಿನೇಳರಲ್ಲಿ ಹದಿನಾಲ್ಕು ಮಂದಿ ಯಾರದೋ ಮನೆಯವರು. ಎರಡು ವರ್ಷದಲ್ಲಿ ಆ ಹದಿನಾಲ್ಕು ಮಂದಿಗೂ ಹೆಸರು ಬಂದದ್ದು ಯಾವ ಸರಕಾರಿ ಆದೇಶದಿಂದಲೂ ಅಲ್ಲ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಯ ಆ ಸಭೆಯಿಂದ. ಮತ ಕೊಟ್ಟದ್ದು ಸಂವಿಧಾನ. ಮತಗಟ್ಟೆಯಲ್ಲಿ ಹೆಸರು ಹೇಳುವ ಧೈರ್ಯ ಕೊಟ್ಟದ್ದು ಇಂಥ ಸಮಾಜಗಳು. ಅದಕ್ಕೆ ಸಾಕ್ಷಿ ಈ ಪುಸ್ತಕಗಳು, ಬೇರೆ ಎಲ್ಲೂ ಇಲ್ಲ.

ದೊಡ್ಡವರ ಕಥೆ ಹೇಗೋ ಉಳಿಯುತ್ತದೆ. ಕಮಲಾದೇವಿಯವರ ಬಗ್ಗೆ ಪುಸ್ತಕಗಳಿವೆ. ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲ ಕಟ್ಟಿದ ಉಮಾಬಾಯಿ ಕುಂದಾಪುರ, ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆ ನಡೆಸಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮ, ಇವರ ಹೆಸರನ್ನು ತಿಳಿದವರು ಇನ್ನೂ ಇದ್ದಾರೆ. ಹೆಡ್ ಮಾಸ್ಟರರ ತಾಯಿಯ ಬಗ್ಗೆ ಯಾರು ಬರೆಯುತ್ತಾರೆ? ಆ ಸಹಿ ಒಂದೇ ಅವರ ಚರಿತ್ರೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಸರಕಾರಿ ಕಡತಗಳನ್ನು ನೀವು ಜೋಪಾನ ಮಾಡುತ್ತೀರಿ. ಜತೆಗೆ ಇಂಥ ಸಮಾಜಗಳ ಕಾಗದಪತ್ರಗಳಿಗೂ ಒಂದು ಕಪಾಟು ಕೊಡಿ. ಒಂದೊಂದು ಜಿಲ್ಲೆಯಲ್ಲೂ ಒಂದೆರಡು ದಿನ ಗೊತ್ತು ಮಾಡಿ, ಮಹಿಳಾ ಸಮಾಜಗಳ ಹಳೇ ಪುಸ್ತಕ ತನ್ನಿ ಎಂದು ಪೇಪರಿನಲ್ಲಿ, ರೇಡಿಯೋದಲ್ಲಿ ಕರೆ ಕೊಡಿ. ಪುಸ್ತಕ ಬಿಟ್ಟುಕೊಡಲು ಮನಸ್ಸಿಲ್ಲದವರು ಇದ್ದೇ ಇರುತ್ತಾರೆ. ಅವರ ಪುಸ್ತಕದ ಫೋಟೋ ತೆಗೆದು ಅಲ್ಲೇ ವಾಪಸ್ ಕೊಡಿ. ಒಂದು ರಸೀದಿ ಮಾತ್ರ ಖಂಡಿತ ಕೊಡಿ. ವಯಸ್ಸಾದ ಹೆಂಗಸರು ರಸೀದಿ ಇಲ್ಲದೆ ಯಾವುದನ್ನೂ ಕೈಬಿಡುವುದಿಲ್ಲ, ಅದು ಸರಿಯೂ ಹೌದು. ಪುಸ್ತಕಗಳಲ್ಲಿ ಕೆಲವು ಮನೆಯ ಸಂಕಟಗಳು ಇರುತ್ತವೆ. ದೊಡ್ಡಮ್ಮನ ಪುಸ್ತಕದಲ್ಲೂ ಒಂದು ಮನೆಯ ಹೊಡೆತಬಡಿತದ ವಿಷಯ ಬರುತ್ತದೆ, ಸಮಾಜದವರು ಐದು ಜನ ಆ ಮನೆಗೆ ಹೋಗಿ ಕುಳಿತದ್ದು ಬರುತ್ತದೆ. ಅಂಥ ಪುಟಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು ಎಂದು ತಿಳಿದವರನ್ನು ಕೇಳಿ ಒಂದು ನಿಯಮ ಮಾಡಿ. ಮೊಮ್ಮಕ್ಕಳು ಈಗಲೂ ಇದೇ ಊರಿನಲ್ಲಿದ್ದಾರೆ.

ಅಕ್ಕಂದಿರೇ, ಈಗ ನಿಮ್ಮ ಹತ್ತಿರ. ನಿಮ್ಮ ಸಮಾಜದ ಕೋಣೆಯಲ್ಲಿ ಒಂದು ಬೀರು ಇದ್ದೇ ಇರುತ್ತದೆ. ಮೇಲೆ ಹಳೇ ಹಾರ್ಮೋನಿಯಂ, ಪಕ್ಕದಲ್ಲಿ ಕೆಟ್ಟುಹೋದ ಹೊಲಿಗೆ ಮಿಶನ್. ಬೀರಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಈ ವಾರವೇ ಕೇಳಿ. ತೆರೆದು ನೋಡಿ. ನಡಾವಳಿ, ಹಾಜರಿ, ಜಮಾಖರ್ಚು, ವಾರ್ಷಿಕೋತ್ಸವದ ಕರೆಯೋಲೆ, ಗುಂಪು ಫೋಟೋ, ಯಾವುದನ್ನೂ ಹೊರಗೆ ಹಾಕಬೇಡಿ. ಪುಸ್ತಕಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಬೇಡಿ, ಆಮೇಲೆ ಅದೇ ಹಳದಿಯಾಗಿ ಅಕ್ಷರ ತಿನ್ನುತ್ತದೆ. ಬಿಸಿಲಿಗೆ ಇಡಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲ ಮತ್ತು ಗೋಡೆ ತಾಗದ ಹಾಗೆ ಇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಯೇ ಮೊದಲ ಶತ್ರು. ಗುಂಪು ಫೋಟೋ ಸಿಕ್ಕಿದರೆ ಊರಿನ ಹಿರಿಯರ ಹತ್ತಿರ ಕುಳಿತು ಯಾರು ಯಾರು ಎಂದು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ನಾನು ಹಾಗೆ ಕೇಳಲು ಒಬ್ಬರ ಮನೆಗೆ ಹೋಗುವುದು ಹದಿನೈದು ದಿನ ತಡವಾಯಿತು. ಅಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ನನ್ನ ಹತ್ತಿರ ಇರುವ ಎರಡು ಪುಸ್ತಕ 1954ರ ಆಗಸ್ಟಿನಿಂದ 1959ರ ನವೆಂಬರಿನ ತನಕದ್ದು. ಎರಡನೆಯದರ ಕೊನೆಯ ಪುಟದಲ್ಲಿ ಹೀಗಿದೆ: “ಪುಸ್ತಕ ಮುಗಿಯಿತು. ಹೊಸ ಪುಸ್ತಕ ಕೊಳ್ಳಲು ಒಂದೂಕಾಲು ರೂಪಾಯಿ ಮಂಜೂರಾಯಿತು. ಹಳೇ ಪುಸ್ತಕವನ್ನು ಜಾಗ್ರತೆಯಾಗಿ ಬೀರಿನಲ್ಲಿ ಇಡತಕ್ಕದ್ದು.” ಕೆಳಗೆ ಇಪ್ಪತ್ತಾರು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ.

ಆ ಗೊತ್ತುವಳಿ ಇನ್ನೂ ರದ್ದಾಗಿಲ್ಲ. ನಿಮ್ಮ ಇಲಾಖೆಯ ಯಾವ ಕಚೇರಿಗೆ, ಯಾವ ದಿನ ತರಬೇಕು ಎಂದು ತಿಳಿಸಿ. ನಾನೇ ಬಸ್ಸಿನಲ್ಲಿ ತಂದು ಕೊಡುತ್ತೇನೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ
ದಕ್ಷಿಣ ಕನ್ನಡ